ಮಳೆಗಾಲಕ್ಕೆ ಗುರಿ ತಪ್ಪುವ ರೈಫಲ್: ಮರದ ಹಿಡಿಯೇ ಕಾರಣ

ಮಡಿಕೇರಿ: ಸೆಪ್ಟೆಂಬರ್‌ನ ಕೈಲ್ ಮುಹೂರ್ತದಂದು ಕೊಡಗಿನ ಮನೆಗಳಲ್ಲಿ ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸಲಾಗುತ್ತದೆ. ಬಳಿಕ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಬೇಸಿಗೆಯಲ್ಲಿ ಸರಿಯಿದ್ದ ರೈಫಲ್ ಅಂದು ಗುರಿ ತಪ್ಪಿದರೆ ದೋಷ ಗುರಿಕಾರನದೇ ಆಗಿರಬೇಕಿಲ್ಲ.

ಮರವು ತೇವ ಹೀರಿದಾಗ ಎಳೆಗಳಿಗೆ ಅಡ್ಡವಾಗಿ ಉಬ್ಬುತ್ತದೆ. ಉಬ್ಬಿದ ಹಿಡಿ ನಳಿಗೆಯನ್ನು ಪಕ್ಕಕ್ಕೆ ಒತ್ತುತ್ತದೆ. ಬೋಲ್ಟ್ ಓಡಾಡುವ ಲೋಹದ ಭಾಗವಾದ ‘ಆಕ್ಷನ್’ ಪ್ರತಿ ಗುಂಡಿನ ನಂತರವೂ ಮರದಲ್ಲಿ ಅದೇ ಜಾಗಕ್ಕೆ, ಸೆಳೆತವಿಲ್ಲದೆ ಮರಳುವಂತೆ ಮಾಡುವ ಕೆಲಸಕ್ಕೆ ‘ಬೆಡ್ಡಿಂಗ್’ ಎನ್ನುತ್ತಾರೆ.

ಗುಂಡಿಲ್ಲವೆಂದು ಖಚಿತಪಡಿಸಿಕೊಂಡು ರೈಫಲ್ ಬಿಚ್ಚಿದ ಮೇಲೆ, ಆಕ್ಷನ್ ಕೂರುವ ಕಡೆ ಮರವನ್ನು ತುಸು ಕೆತ್ತಿ ಎಪಾಕ್ಸಿ ತುಂಬಲಾಗುತ್ತದೆ. ಲೋಹಕ್ಕೆ ಮೊದಲೇ ಅಂಟುನಿರೋಧಕ ಲೇಪನ ಬಳಿದಿರಬೇಕು, ತಿರುಪಿನ ರಂಧ್ರಗಳನ್ನು ಜೇಡಿಮಣ್ಣಿನಿಂದ ಮುಚ್ಚಿರಬೇಕು. ಇದನ್ನು ಮರೆತರೆ ಲೋಹ, ಮರ ಎರಡೂ ಶಾಶ್ವತವಾಗಿ ಒಂದಾಗುತ್ತವೆ! ಹಿಮ್ಮೊಗದ ಒದೆತವನ್ನು ತಾಳುವ ಲಗ್‌ನ ಹಿಂಬದಿ ಎಪಾಕ್ಸಿಗೆ ಬಿಗಿಯಾಗಿ ಒರಗಬೇಕು. ಮುಂಬದಿ, ಪಕ್ಕ ಹಾಗೂ ತಳಕ್ಕೆ ಟೇಪ್ ಅಂಟಿಸಿ ತೆರವು ಉಳಿಸಲಾಗುತ್ತದೆ. ಎಪಾಕ್ಸಿ ಪೂರ್ಣ ಗಟ್ಟಿಯಾಗುವ ಮುನ್ನ ತಿರುಪು ಬಿಗಿಯುವುದು ಹೊಸಬರ ಸಾಮಾನ್ಯ ಆತುರ. ಕೊನೆಗೆ ನಳಿಗೆ ಮತ್ತು ಮರದ ನಡುವೆ ಕಾಗದದ ಪಟ್ಟಿ ತಡೆಯಿಲ್ಲದೆ ಜಾರಬೇಕು.

ಈಶಾಪುರದಲ್ಲೂ ತಯಾರಾಗಿದ್ದ ಹಳೆಯ .303 ಲೀ-ಎನ್‌ಫೀಲ್ಡ್‌ಗೆ ಈ ಕಾಗದದ ಪರೀಕ್ಷೆ ಹೊಂದದು. ಅದರ ಮುಂಗಟ್ಟಿನ ಸ್ಪ್ರಿಂಗ್ ನಳಿಗೆಯನ್ನು ಮೇಲಕ್ಕೆ ಒತ್ತಿಹಿಡಿಯುವುದೇ ಮೂಲ ವಿನ್ಯಾಸ.

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಬಂದೂಕು ದುರಸ್ತಿಗೂ ಪರವಾನಗಿ ಕೇಳುತ್ತದೆ. ಕೊಡಗಿನವರಿಗೆ ಕೋವಿ ಹೊಂದಲು ಇರುವ ವಿನಾಯಿತಿ ದುರಸ್ತಿ ವೃತ್ತಿಗೆ ನೀಡಿದ್ದಲ್ಲ. ಆದ್ದರಿಂದ ಕೆಲಸವನ್ನು ಪರವಾನಗಿ ಪಡೆದ ದುರಸ್ತಿಗಾರನಿಗೇ ಒಪ್ಪಿಸಬೇಕು.