ಕಪ್ಪು ಪರದೆಯಲ್ಲಿ ಧಾರವಾಡ ಆಕಾಶವಾಣಿ

ಹುನಗುಂದದ ಓದುಗರೊಬ್ಬರು ಕೇಳಿದ್ದಾರೆ: ‘ಧಾರವಾಡ ಆಕಾಶವಾಣಿ ಹಚ್ಚಿದ್ರ ಬರೀ ಗೊರಗೊರ ಅಂತೈತಿ. ಮೊಬೈಲ್ ಆ್ಯಪ್ ತೆರಿಯೂದ್ರಾಗ ವಾರ್ತಾನೇ ಮುಗೀತಾವ. ಲಿನಕ್ಸ್ ಹಾಕಿದ ಹಳೇ ಲ್ಯಾಪ್‌ಟಾಪ್ ಐತಿ, ಅದರಾಗ ಕೇಳಬಹುದೇನ್ರಿ?’

ಧಾರಾಳವಾಗಿ. ಗೊರಗೊರಕ್ಕೆ ದೂರವೊಂದನ್ನೇ ದೂರಬೇಡಿ. 1950ರಲ್ಲಿ ಶುರುವಾದ ಧಾರವಾಡ ಕೇಂದ್ರದ 765 ಕಿಲೋಹರ್ಟ್ಸ್ ತರಂಗ ಸುಮಾರು 392 ಮೀಟರ್ ಉದ್ದದ್ದು. ನೆಲವನ್ನಪ್ಪಿ ಸಾಗುವ ಅದಕ್ಕೆ ಬಾದಾಮಿ, ಹುನಗುಂದ ನಿಲುಕಿನಾಚೆಯವೇನಲ್ಲ. ಆದರೆ ಮನೆಯೊಳಗಿನ ಅಗ್ಗದ ಎಲ್‌ಇಡಿ ಬಲ್ಬು, ಚಾರ್ಜರುಗಳು ಅದೇ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತವೆ.

ಇಂಟರ್ನೆಟ್ಟಿನಲ್ಲಿ ಬಾನುಲಿಯೆಂದರೆ ಒಂದು ವಿಳಾಸ, ಅಷ್ಟೆ. ಆ್ಯಪ್‌ನ ಭಾರ ಬಹುಪಾಲು ಚಿತ್ರ, ಜಾಹೀರಾತು, ಲಾಗಿನ್‌ಗಳದ್ದು. ಸೆಕೆಂಡಿಗೆ 64 ಕಿಲೋಬಿಟ್ ಸಾಗುವ ದನಿಗೆ ತಾಸಿಗೆ 29 ಎಂಬಿ ಸಾಕು. ಟರ್ಮಿನಲ್ ತೆರೆದು, ಎಂಪಿವಿ ಎಂಬ ಪ್ಲೇಯರಿನ ಹೆಸರು ಬರೆದು, ಮುಂದೆ ವಿಳಾಸ ಅಂಟಿಸಿ ಎಂಟರ್ ಒತ್ತಿ. ಆ ಸಾಲನ್ನೇ ಕಡತದಲ್ಲಿಟ್ಟರೆ ಶೆಲ್ ಸ್ಕ್ರಿಪ್ಟ್. ಸಂಪರ್ಕ ಕಡಿದರೆ ಐದು ಸೆಕೆಂಡು ಬಿಟ್ಟು ಮತ್ತೆ ಹಚ್ಚು ಎನ್ನಲು ಇನ್ನೆರಡು ಸಾಲು. ಬೆಳಗಿನ ಹೊತ್ತಿಗೆ ತಾನಾಗಿ ಶುರುವಾಗಲು ಕ್ರಾನ್ ಇದೆ.

ಇದೆಲ್ಲಕ್ಕಿಂತ ನನಗೆ ಮೋಜೆನಿಸುವುದು ಪ್ರೋಗ್ರಾಂಗಳನ್ನು ಒಂದಕ್ಕೊಂದು ಜೋಡಿಸುವ ಪೈಪ್. ಇಳಕಲ್ ಸೀರೆಯ ಮಗ್ಗ ನೋಡಿದವರಿಗೆ ಇದು ಥಟ್ಟನೆ ತಿಳಿಯುತ್ತದೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಿದ್ದರೂ ಸೆರಗು ರೇಷ್ಮೆಯದು. ಎಳೆಗೆ ಎಳೆ ಕುಣಿಕೆ ಹಾಕಿ ಎರಡನ್ನೂ ಕೂಡಿಸುತ್ತಾರೆ. ಹತ್ತಿಗೆ ರೇಷ್ಮೆಯ ಗುಣ ಬರಬೇಕಿಲ್ಲ, ಕುಣಿಕೆ ಕೂತರಾಯಿತು. ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನಲ್ಲಿ ಆ ಕುಣಿಕೆ ನೆಟ್ಟಗಿನ ಒಂದು ಗೆರೆ: ಎಡದ ಪ್ರೋಗ್ರಾಂ ಕೊಟ್ಟದ್ದನ್ನು ಬಲದ್ದು ತೆಗೆದುಕೊಳ್ಳುತ್ತದೆ. ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್‌ರಾಯ್ ಈ ಜೋಡಣೆ ಬೇಕೆಂದು ಟಿಪ್ಪಣಿ ಬರೆದದ್ದು 1964ರಲ್ಲಿ. ಕೆನ್ ಥಾಂಪ್ಸನ್ ಅದನ್ನು ಯುನಿಕ್ಸ್‌ಗೆ ತಂದದ್ದು 1973ರಲ್ಲಿ. ಒಂಬತ್ತು ವರ್ಷ ಪಟ್ಟು ಬಿಡಲಿಲ್ಲ ಮೆಕಿಲ್‌ರಾಯ್ ಪುಣ್ಯಾತ್ಮ!

ಎಫ್‌ಎಫ್‌ಎಂಪೆಗ್ ಪ್ರಸಾರವನ್ನು ಎಳೆದು ತರುತ್ತದೆ, ‘ಟೀ’ ಒಂದು ಪ್ರತಿಯನ್ನು ಡಿಸ್ಕಿಗಿಳಿಸಿ ಇನ್ನೊಂದನ್ನು ಮುಂದೆ ದಾಟಿಸುತ್ತದೆ, ಎಂಪಿವಿ ನುಡಿಸುತ್ತದೆ. ನಡುವೆ ಎರಡೇ ಗೆರೆ. ಕೇಳುತ್ತಲೇ ರೆಕಾರ್ಡೂ ಆಯಿತು. ‘ಸ್ಮಾರ್ಟ್’ ಎಂಬ ಹಣೆಪಟ್ಟಿಯ ಸ್ಪೀಕರುಗಳಲ್ಲಿ ಹೀಗೆ ಮಾಡಿ ತೋರಿಸಿ ನೋಡೋಣ.

ಗಡಿಯಾರವನ್ನು ಮಾತ್ರ ಇದರಿಂದ ಹೊಂದಿಸಬೇಡಿ. ದನಿಯನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ಕಳಿಸುವುದರಿಂದ, ಒಂದೆರಡು ತುಂಡು ಕೈಸೇರಿದ ಮೇಲೆಯೇ ನುಡಿತ ಶುರು. ಅರ್ಧ ನಿಮಿಷ ಹಿಂದೆ ಬಿದ್ದರೂ ಅಚ್ಚರಿಯಿಲ್ಲ.

ವಿಳಾಸ ಆಗಾಗ ಬದಲಾಗುತ್ತದೆ, ಅದಕ್ಕೇ ಇಲ್ಲಿ ಅಚ್ಚು ಹಾಕಿಲ್ಲ. ಬ್ರೌಸರಿನಲ್ಲಿ ಪ್ರಸಾರ ಹಚ್ಚಿ, ಎಫ್12 ಒತ್ತಿ, ನೆಟ್‌ವರ್ಕ್ ಪಟ್ಟಿಯಲ್ಲಿ ‘ಎಂ3ಯು8’ ಇರುವ ಸಾಲನ್ನು ಹುಡುಕಿ. ಅಲ್ಲಿರುವ ವಿಳಾಸವನ್ನು ಸ್ಕ್ರಿಪ್ಟಿನ ತಲೆಯಲ್ಲೇ ಇಟ್ಟರೆ ಮುಂದೆ ತಿದ್ದುವುದು ಒಂದೇ ಕಡೆ.