ಹತ್ತನೆಯ ತರಗತಿಯ ಅನಂತರ ಯಾವ ದಾರಿ? ಹೈದರಾಬಾದಿನ ಕನ್ನಡ ಪಾಲಕರ ತಿಳಿವಳಿಕೆಗಾಗಿ

ಒಂದು ಕಾಲಕ್ಕೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳ ತರುಣರು ಉಚ್ಚ ಶಿಕ್ಷಣವೆಂದರೆ ಹೈದರಾಬಾದಿನತ್ತ ಮುಖ ಮಾಡುತ್ತಿದ್ದರು. 1887ರಲ್ಲಿ ಸ್ಥಾಪನೆಯಾದ ನಿಜಾಮ್ ಕಾಲೇಜು, 1918ರಲ್ಲಿ ಪ್ರಾರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಇವೇ ಅವರ ಪಾಲಿಗೆ ಜ್ಞಾನದ ಹೆಬ್ಬಾಗಿಲುಗಳಾಗಿದ್ದವು. ಮನೆಯಲ್ಲಿ ಕನ್ನಡ, ಉಸ್ಮಾನಿಯಾದ ತರಗತಿಯಲ್ಲಿ ಉರ್ದು. ಹೀಗೆ ಎರಡು ಭಾಷೆಗಳ ನಡುವೆ ಆ ತಲೆಮಾರು ವಿದ್ಯೆಯನ್ನು ಸಂಪಾದಿಸಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯೂ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವೂ ಹುಟ್ಟಿಕೊಂಡು, ಆ ಭಾಗದವರಿಗೆ ಊರ ಸಮೀಪದಲ್ಲೇ ಕಲಿಯುವ ಅನುಕೂಲವಾಯಿತು.

ಇಂದು ಪ್ರಶ್ನೆ ತಿರುವುಮುರುವಾಗಿದೆ. ಈ ನಗರದಲ್ಲಿ ನೆಲೆಸಿದ ಕನ್ನಡ ಕುಟುಂಬದ ಮಗ ಅಥವಾ ಮಗಳು ಹತ್ತನೆಯ ತರಗತಿಯನ್ನು ಮುಗಿಸಿದೊಡನೆ ಮನೆಯಲ್ಲಿ ಚರ್ಚೆ ಪ್ರಾರಂಭವಾಗುತ್ತದೆ: ಇಲ್ಲಿಯೇ ಇಂಟರ್‌ಮೀಡಿಯೆಟ್ ಓದಿಸುವುದೋ, ಊರಿಗೆ ಕಳುಹಿಸಿ ಪಿ.ಯು.ಸಿ. ಓದಿಸುವುದೋ? ಅಜ್ಜನ ಮನೆ ಧಾರವಾಡದಲ್ಲಿದೆ, ಸೋದರಮಾವ ಮಂಗಳೂರಿನಲ್ಲಿದ್ದಾರೆ, ಅಲ್ಲಿಯ ಕಾಲೇಜುಗಳಿಗೆ ಒಳ್ಳೆಯ ಹೆಸರಿದೆ ಎಂಬ ಮಾತುಗಳು ಬರುತ್ತವೆ. ಇವೆಲ್ಲ ಸತ್ಯವೇ. ಆದರೆ ಪ್ರವೇಶದ ನಿಯಮಗಳು ಅಜ್ಜನ ಮನೆಯನ್ನು ಕೇಳುವುದಿಲ್ಲ. ವಿದ್ಯಾರ್ಥಿ ಎಷ್ಟು ವರ್ಷ, ಎಲ್ಲಿ ಓದಿದನೆಂಬುದನ್ನು ಕೇಳುತ್ತವೆ. ಈ ಒಂದು ಅಂಶವನ್ನು ಅರಿಯದೆ ಎರಡೂ ರಾಜ್ಯಗಳಲ್ಲಿ ‘ಹೊರಗಿನವ’ನಾಗುವ ಸಂಭವವುಂಟು.

ಸ್ಥಳೀಯ ಅಭ್ಯರ್ಥಿ ಯಾರು?

ತೆಲಂಗಾಣದಲ್ಲಿ ಎಂಜಿನಿಯರಿಂಗ್ ಮೊದಲಾದ ವೃತ್ತಿ ಶಿಕ್ಷಣದ ಸ್ಥಾನಗಳಲ್ಲಿ ಶೇಕಡಾ 85ರಷ್ಟು ಸ್ಥಳೀಯರಿಗೆ ಮೀಸಲು. ಇದಕ್ಕೆ ಮೂಲ 1974ರ ರಾಷ್ಟ್ರಪತಿಗಳ ಆದೇಶ. ಅರ್ಹತಾ ಪರೀಕ್ಷೆಯಲ್ಲಿ ಮುಕ್ತಾಯವಾಗುವಂತೆ ಎಡೆಬಿಡದೆ ನಾಲ್ಕು ವರ್ಷ ಇಲ್ಲಿ ಓದಿದವನು ಸ್ಥಳೀಯನೆಂಬುದು ಅದರ ಮುಖ್ಯ ಸೂತ್ರ. ಇಂಟರ್‌ಮೀಡಿಯೆಟ್ ಅರ್ಹತಾ ಪರೀಕ್ಷೆಯಾಗಿರುವಲ್ಲಿ ಆ ನಾಲ್ಕು ವರ್ಷಗಳೆಂದರೆ ಒಂಬತ್ತನೆಯ ತರಗತಿ, ಹತ್ತನೆಯ ತರಗತಿ ಮತ್ತು ಇಂಟರ್‌ಮೀಡಿಯೆಟಿನ ಎರಡು ವರ್ಷಗಳು. ವೈದ್ಯಕೀಯ ಶಿಕ್ಷಣಕ್ಕೆ ಸಂಬಂಧಿಸಿದ ಇಂಥದೇ ನಿಯಮವನ್ನು ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ಎತ್ತಿಹಿಡಿದಿದೆ. ವರ್ಗಾವಣೆಯಾಗುವ ಸರ್ಕಾರಿ ನೌಕರರ ಮಕ್ಕಳಿಗೆ ಕೆಲವು ವಿನಾಯಿತಿಗಳುಂಟು. ಅವನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕು.

ಕರ್ನಾಟಕದ ಸಾಮಾನ್ಯ ನಿಯಮ ಬೇರೆ. ಒಂದನೆಯ ತರಗತಿಯಿಂದ ದ್ವಿತೀಯ ಪಿ.ಯು.ಸಿ.ಯವರೆಗಿನ ಅವಧಿಯಲ್ಲಿ ಕನಿಷ್ಠ 7 ವರ್ಷ ಆ ರಾಜ್ಯದಲ್ಲಿ ಓದಿರಬೇಕು. ಹುಟ್ಟಿನಿಂದ ಹೈದರಾಬಾದಿನಲ್ಲಿ ಬೆಳೆದ ಹುಡುಗ ಪಿ.ಯು.ಸಿ.ಗಾಗಿ ಅಲ್ಲಿಗೆ ಹೋದರೆ ಅವನ ಲೆಕ್ಕಕ್ಕೆ ಬರುವುದು ಎರಡೇ ವರ್ಷ. ಇತ್ತ ತೆಲಂಗಾಣದ ನಾಲ್ಕು ವರ್ಷಗಳ ಸರಪಳಿ ಕಡಿದುಹೋಯಿತು. ಅತ್ತ ಏಳು ವರ್ಷ ತುಂಬಲಿಲ್ಲ. ತಂದೆ-ತಾಯಿಗಳು ಇಲ್ಲಿ ದೀರ್ಘಕಾಲ ನೆಲೆಸಿದ್ದರೆ ಉಳಿದ ಶೇಕಡಾ 15ರಲ್ಲಿ ಸ್ಪರ್ಧಿಸಲು ಆಸ್ಪದವಿರಬಹುದು. ಆದರೆ 85ರ ಬಾಗಿಲು ಮುಚ್ಚಿದಂತೆಯೇ.

ಹಾಗಾದರೆ ಕರ್ನಾಟಕದ ದಾರಿ ಇಲ್ಲವೇ? ಇದೆ. ಮುಖ್ಯವಾದವು ಎರಡು.

ಮೊದಲನೆಯದು, ತಂದೆ ಅಥವಾ ತಾಯಿಯ ವ್ಯಾಸಂಗದ ಆಧಾರ. ಇಬ್ಬರಲ್ಲಿ ಒಬ್ಬರು ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿದ್ದು, ಮಗು ಪಿ.ಯು.ಸಿ.ಯ ಎರಡೂ ವರ್ಷಗಳನ್ನು ಅಲ್ಲಿಯೇ ಓದಿ ತೇರ್ಗಡೆಯಾದರೆ ಅರ್ಹತೆ ದೊರೆಯುತ್ತದೆ. ಆದುದರಿಂದ ಊರಿಗೆ ಕಳುಹಿಸುವ ಮುನ್ನ ಪಾಲಕರು ಮೊದಲು ತಮ್ಮ ಶಾಲೆಯ ವ್ಯಾಸಂಗ ಪ್ರಮಾಣಪತ್ರಗಳನ್ನು ಹುಡುಕಬೇಕು. ಮಾನ್ವಿಯಲ್ಲೋ ಹುಮನಾಬಾದಿನಲ್ಲೋ ಮೂವತ್ತು ವರ್ಷಗಳ ಹಿಂದೆ ಓದಿದ ಶಾಲೆಯಿಂದ ದಾಖಲೆ ತರಿಸಿ, ಅಗತ್ಯವಾದ ಮೇಲುಸಹಿ ಮಾಡಿಸಲು ಒಂದು ವಾರ ಸಾಲದು. ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗಲೇ ಈ ಕೆಲಸವನ್ನು ಪೂರೈಸುವುದು ಲೇಸು. ಹೈದರಾಬಾದಿನಲ್ಲೇ ಹುಟ್ಟಿ ಬೆಳೆದ ಪಾಲಕರಿಗೆ ಈ ದಾರಿ ಇಲ್ಲ.

ಎರಡನೆಯದು, ಹೊರನಾಡು ಕನ್ನಡಿಗರೆಂಬ ಆಧಾರ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿದ್ದು ಹೊರರಾಜ್ಯದಲ್ಲಿ ಓದಿದ ಅಭ್ಯರ್ಥಿಗಳು, ಸಾಮಾನ್ಯ ಪ್ರವೇಶ ಪರೀಕ್ಷೆಯೊಂದಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆದು ತೇರ್ಗಡೆಯಾಗಬೇಕು. ಇತರ ನಿಬಂಧನೆಗಳನ್ನು ಪ್ರಾಧಿಕಾರದ ಮಾಹಿತಿ ಪುಸ್ತಿಕೆಯಲ್ಲಿ ಓದಿಕೊಳ್ಳಬೇಕು. ಭಾಷಾ ಪರೀಕ್ಷೆಯ ಮಟ್ಟ ಪ್ರಾಥಮಿಕ ಶಾಲೆಯ ಕನ್ನಡದ್ದೇ. ಆದರೂ ಮನೆಯಲ್ಲಿ ನಿರರ್ಗಳವಾಗಿ ಮಾತನಾಡುವ ಮಗುವಿಗೆ ಅಕ್ಷರವೇ ಬಾರದಿದ್ದರೆ ಈ ಬಾಗಿಲು ತೆರೆಯದು. ತೆಲಂಗಾಣದಲ್ಲಿ 2018ರ ಕಾಯಿದೆಯನ್ವಯ ಶಾಲೆಗಳಲ್ಲಿ ತೆಲುಗು ಕಡ್ಡಾಯ. ಅದರ ಜೊತೆಗೆ ಇಂಗ್ಲಿಷು, ಹಿಂದಿ. ಕಾಚಿಗೂಡದ ನೃಪತುಂಗ ವಿದ್ಯಾಸಂಸ್ಥೆಯಂತಹ ಕನ್ನಡ ಶಾಲೆಗೆ ಹೋಗದ ಮಕ್ಕಳಿಗೆ ಕನ್ನಡದ ಅಕ್ಷರಾಭ್ಯಾಸ ಮನೆಯಲ್ಲಿಯೇ ಆಗಬೇಕು. ದಿನಕ್ಕೆ ಅರ್ಧ ಗಂಟೆಯಂತೆ ಒಂದು ವರ್ಷ ಕಲಿಸಿದರೆ ಸಾಕು. ತಾಯ್ನುಡಿಯ ಅಭಿಮಾನವು ಇಲ್ಲಿ ಕೇವಲ ಭಾವನೆಯ ಮಾತಲ್ಲ, ವ್ಯವಹಾರದ ಮಾತೂ ಹೌದು.

ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ ಮೂಲದವರು ಇನ್ನೊಂದನ್ನು ಗಮನಿಸಬೇಕು. ಸಂವಿಧಾನದ 371 (ಜೆ) ವಿಧಿಯ ಮೇರೆಗೆ 2013ರಿಂದ ಆ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70, ಕರ್ನಾಟಕದ ಉಳಿದೆಡೆ ಶೇಕಡಾ 8ರಷ್ಟು ಸ್ಥಾನಗಳು ಅಲ್ಲಿಯ ಸ್ಥಳೀಯರಿಗೆ ಮೀಸಲಾಗಿವೆ. ತಮ್ಮ ಕುಟುಂಬಕ್ಕೆ ಇದು ಅನ್ವಯಿಸುವುದೇ ಎಂಬುದನ್ನು ಉಪವಿಭಾಗದ ಸಹಾಯಕ ಆಯುಕ್ತರ ಕಚೇರಿಯಲ್ಲಿ ವಿಚಾರಿಸಿ ಅರ್ಹತಾ ಪ್ರಮಾಣಪತ್ರವನ್ನು ಪಡೆಯಬೇಕು.

ಜಾತಿ ಪ್ರಮಾಣಪತ್ರದ ವಿಷಯದಲ್ಲಿಯೂ ತಪ್ಪು ಕಲ್ಪನೆಗಳಿವೆ. ಹಿಂದುಳಿದ ವರ್ಗಗಳ ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಪರಿಶಿಷ್ಟ ಜಾತಿ, ಪಂಗಡದವರು ಒಂದು ರಾಜ್ಯದಿಂದ ಇನ್ನೊಂದಕ್ಕೆ ವಲಸೆ ಹೋದರೆ, ಮೂಲ ರಾಜ್ಯದ ಸೌಲಭ್ಯವನ್ನು ಹೊಸ ರಾಜ್ಯದಲ್ಲಿ ಕೇಳಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1990ರಲ್ಲಿ ತೀರ್ಪಿತ್ತಿತು. ಆಂಧ್ರ ಪ್ರದೇಶದಿಂದ ಮುಂಬಯಿಗೆ ಹೋಗಿದ್ದ ವಿದ್ಯಾರ್ಥಿಯೊಬ್ಬನ ವೈದ್ಯಕೀಯ ಪ್ರವೇಶವೇ ಆ ಮೊಕದ್ದಮೆಯ ವಿಷಯವಾಗಿತ್ತು.

ಸ್ಥಳೀಯತೆಯ ತೊಡಕಿಲ್ಲದ ದಾರಿಗಳು

ಕೇಂದ್ರೀಯ ಸಂಸ್ಥೆಗಳಲ್ಲಿ ಈ ಗೊಂದಲ ಬಹುಮಟ್ಟಿಗೆ ಇಲ್ಲ. 1974ರಲ್ಲಿ ಸ್ಥಾಪನೆಯಾದ ಹೈದರಾಬಾದ್ ವಿಶ್ವವಿದ್ಯಾಲಯ, ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಇವು ದೇಶದ ಎಲ್ಲರಿಗೂ ತೆರೆದಿವೆ. ಬಾಲಾನಗರದಲ್ಲಿ 1968ರಿಂದ ನಡೆದಿರುವ ಕೇಂದ್ರೀಯ ಉಪಕರಣ ವಿನ್ಯಾಸ ಸಂಸ್ಥೆಯು ಹತ್ತನೆಯ ತರಗತಿ ಮುಗಿಸಿದವರಿಗೆ ಅಚ್ಚು ಮತ್ತು ಉಪಕರಣ ತಯಾರಿಕೆಯಲ್ಲಿ ಡಿಪ್ಲೊಮಾ ನೀಡುತ್ತದೆ. ರಾಷ್ಟ್ರೀಯ ತಾಂತ್ರಿಕ ಸಂಸ್ಥೆಗಳದು ಮಾತ್ರ ಸ್ವಲ್ಪ ಭಿನ್ನ. ಅಲ್ಲಿ ಅರ್ಧದಷ್ಟು ಸ್ಥಾನಗಳು ಆಯಾ ರಾಜ್ಯದವರಿಗೆ. ಹನ್ನೆರಡನೆಯ ತರಗತಿಯನ್ನು ಯಾವ ರಾಜ್ಯದಲ್ಲಿ ತೇರ್ಗಡೆಯಾದನೋ ಅದೇ ಅವನ ರಾಜ್ಯ. ಇಲ್ಲಿ ಓದಿದವನಿಗೆ ವರಂಗಲ್, ಕರ್ನಾಟಕದಲ್ಲಿ ಓದಿದವನಿಗೆ ಸುರತ್ಕಲ್.

ವಿಷಯಗಳ ಆಯ್ಕೆ

ಇಂಟರ್‌ಮೀಡಿಯೆಟಿನ ಗುಂಪುಗಳಲ್ಲಿ ಎಂ.ಪಿ.ಸಿ. ಎಂಜಿನಿಯರಿಂಗಿಗೆ, ಬೈ.ಪಿ.ಸಿ. ವೈದ್ಯಕೀಯ, ಶುಶ್ರೂಷೆ, ಕೃಷಿ ಮೊದಲಾದವುಗಳಿಗೆ ದಾರಿ. ಔಷಧ ಶಾಸ್ತ್ರಕ್ಕೆ ಎರಡರಿಂದಲೂ ಹೋಗಬಹುದು. ಲೆಕ್ಕಪತ್ರ, ಬ್ಯಾಂಕು, ವಿಮೆಗಳತ್ತ ಒಲವಿದ್ದವರಿಗೆ ಎಂ.ಇ.ಸಿ. ಅಥವಾ ಸಿ.ಇ.ಸಿ. ಸಹಜವಾದುದು. ಚಾರ್ಟರ್ಡ್ ಅಕೌಂಟೆನ್ಸಿಯ ಪ್ರಾಥಮಿಕ ಹಂತಕ್ಕೆ ಹತ್ತನೆಯ ತರಗತಿ ಮುಗಿದೊಡನೆ ಹೆಸರು ನೋಂದಾಯಿಸಿ, ಹನ್ನೆರಡರ ಅನಂತರ ಪರೀಕ್ಷೆಗೆ ಕೂಡಬಹುದು. ಕಾಲೇಜಿನ ಭಾರಿ ಶುಲ್ಕವಿಲ್ಲದೆ ಪರಿಶ್ರಮದಿಂದ ಮೇಲೇರಬಹುದಾದ ವೃತ್ತಿಗಳಲ್ಲಿ ಇದೊಂದು.

ಪಾಲಿಟೆಕ್ನಿಕ್ಕನ್ನು ಕೀಳಾಗಿ ಕಾಣುವ ಪರಿಪಾಠ ಬಿಡಬೇಕು. ಪಾಲಿಸೆಟ್ ಪರೀಕ್ಷೆಯ ಮೂಲಕ ಸೇರಿ ಮೂರು ವರ್ಷದ ಡಿಪ್ಲೊಮಾ ಮುಗಿಸಿದವನು ಉದ್ಯೋಗಕ್ಕೆ ಸೇರಬಹುದು. ಬೇಕಾದರೆ ಇಸೆಟ್ ಬರೆದು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ಪ್ರವೇಶ ಪಡೆಯಬಹುದು. ತೆಲಂಗಾಣದ ಪದವಿ ಕಾಲೇಜುಗಳ ಪ್ರವೇಶ 2016ರಿಂದ ‘ದೋಸ್ತ್’ ಎಂಬ ಒಂದೇ ವ್ಯವಸ್ಥೆಯ ಮೂಲಕ ನಡೆಯುತ್ತಿದೆ. ದುಡಿಯುತ್ತಲೇ ಓದಬೇಕಾದವರಿಗೆ, ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯವಾಗಿ 1982ರಲ್ಲಿ ಪ್ರಾರಂಭವಾದ ಇಂದಿನ ಡಾ. ಬಿ. ಆರ್. ಅಂಬೇಡ್ಕರ್ ಮುಕ್ತ ವಿಶ್ವವಿದ್ಯಾಲಯ ಈ ನಗರದಲ್ಲಿಯೇ ಇದೆ.

ವೃತ್ತಿಯನ್ನು ಆರಿಸುವ ಮುನ್ನ ದೇಹಸ್ಥಿತಿಯನ್ನೂ ಪರೀಕ್ಷಿಸಿಕೊಳ್ಳುವುದು ವಿವೇಕ. ರೈಲ್ವೆಯ ಎಂಜಿನ್ ಚಾಲಕ, ಹಡಗಿನ ಅಧಿಕಾರಿ ಮೊದಲಾದ ಹುದ್ದೆಗಳಿಗೆ ಬಣ್ಣಗಳನ್ನು ಸರಿಯಾಗಿ ಗುರುತಿಸುವ ದೃಷ್ಟಿ ಅವಶ್ಯ. ವರ್ಣಾಂಧತೆ ಇರುವುದು ತರಬೇತಿಗೆ ಹಣ ತೆತ್ತ ಅನಂತರ ತಿಳಿಯುವುದಕ್ಕಿಂತ, ನೇತ್ರವೈದ್ಯರಲ್ಲಿ ಕೆಲವೇ ನಿಮಿಷಗಳ ಪರೀಕ್ಷೆಯಿಂದ ಮೊದಲೇ ತಿಳಿಯುವುದು ಒಳ್ಳೆಯದು.

ಹಣದ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಶಿಕ್ಷಣ ಸಾಲಕ್ಕೂ ಸಲ್ಲುತ್ತದೆ. ವ್ಯಾಸಂಗದ ಅವಧಿ ಹಾಗೂ ಅನಂತರದ ಒಂದು ವರ್ಷ ಕಂತು ಕಟ್ಟಬೇಕಿಲ್ಲವೆಂಬುದನ್ನು ಕೇಳಿ ಬಡ್ಡಿಯೂ ಇಲ್ಲವೆಂದು ಭಾವಿಸುವವರಿದ್ದಾರೆ. ಬಡ್ಡಿ ಬೆಳೆಯುತ್ತಲೇ ಇರುತ್ತದೆ. ನಾಲ್ಕು ವರ್ಷದ ವ್ಯಾಸಂಗಕ್ಕೆ ಪ್ರತಿ ವರ್ಷದ ಆರಂಭದಲ್ಲಿ 1,25,000 ರೂಪಾಯಿಯಂತೆ ಒಟ್ಟು 5 ಲಕ್ಷ ಸಾಲ ಪಡೆದು, ಬಡ್ಡಿ ಶೇಕಡಾ 10ರ ಸರಳ ಬಡ್ಡಿಯೆಂದು ಭಾವಿಸಿದರೆ, ಐದು ವರ್ಷಗಳ ಕೊನೆಗೆ ಬಡ್ಡಿಯೇ 1,75,000 ಆಗುತ್ತದೆ. ಒಟ್ಟು 6,75,000ವನ್ನು ಅದೇ ದರದಲ್ಲಿ ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 8,900 ರೂಪಾಯಿ ಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವನ ಸಂಬಳದಲ್ಲಿ ಮನೆ ಬಾಡಿಗೆ, ಊಟ ಕಳೆದು ಇಷ್ಟು ಉಳಿದೀತೇ ಎಂದು ಮೊದಲೇ ಯೋಚಿಸಬೇಕು. ಓದುವಾಗಲೇ ಬಡ್ಡಿಯನ್ನಷ್ಟಾದರೂ ಕಟ್ಟುತ್ತ ಹೋದರೆ ಹೊರೆ ಹಗುರವಾಗುತ್ತದೆ. 2024ರಲ್ಲಿ ಅನುಮೋದನೆ ಪಡೆದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಆಧಾರವಿಲ್ಲದೆ ಸಾಲ ಸಿಗುತ್ತದೆ. ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಸೇರುವ ಮುನ್ನವೇ ನೋಡಬೇಕು.

ಅರ್ಜಿ ಮತ್ತು ದಾಖಲೆಗಳು

ಅರ್ಜಿಗಳಲ್ಲಿ ಅತ್ಯಂತ ಸಾಮಾನ್ಯವಾದ ತೊಡಕು ಹೆಸರಿನದು. ತೆಲುಗರ ಪದ್ಧತಿಯಲ್ಲಿ ಮನೆತನದ ಹೆಸರು ಮೊದಲು. ಕನ್ನಡಿಗರಲ್ಲಿ ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರ, ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಕೊನೆಗೆ. ಹೀಗಾಗಿ ಒಬ್ಬನೇ ಹುಡುಗ ಜನನ ಪತ್ರದಲ್ಲಿ ಒಂದು ಬಗೆ, ಶಾಲೆಯ ದಾಖಲೆಯಲ್ಲಿ ಇನ್ನೊಂದು ಬಗೆ, ಆಧಾರ್ ಚೀಟಿಯಲ್ಲಿ ಮತ್ತೊಂದು ಬಗೆಯಾಗಿರುತ್ತಾನೆ. ಹತ್ತನೆಯ ತರಗತಿಯ ಪರೀಕ್ಷಾ ಅರ್ಜಿ ತುಂಬುವ ಮೊದಲೇ ಇವನ್ನು ಸರಿಪಡಿಸಬೇಕು. ಒಂಬತ್ತನೆಯ ತರಗತಿಯಿಂದ ಪ್ರತಿ ವರ್ಷದ ವ್ಯಾಸಂಗ ಪ್ರಮಾಣಪತ್ರ, ವರ್ಗಾವಣೆ ಪತ್ರ, ಆದಾಯ ಹಾಗೂ ನಿವಾಸದ ಪ್ರಮಾಣಪತ್ರ, ಪಾಲಕರ ವ್ಯಾಸಂಗ ಪತ್ರ ಇವೆಲ್ಲ ಒಂದೇ ಕಡತದಲ್ಲಿರಲಿ. ಸ್ಥಾನ ಹಂಚಿಕೆಯ ಸಮಯದಲ್ಲಿ ಕಾಲೇಜುಗಳ ಪಟ್ಟಿ ಕೊಡುವಾಗ, ಸಿಗಬಹುದಾದುದನ್ನಲ್ಲ, ಹೆಚ್ಚು ಬೇಕಾದುದನ್ನೇ ಮೊದಲು ಬರೆಯಬೇಕು. ಮೊದಲನೆಯದು ಸಿಗದಿದ್ದರೆ ಎರಡನೆಯದರ ಅವಕಾಶ ಅದರಿಂದ ಕುಂದುವುದಿಲ್ಲ.

ಕೊನೆಯದಾಗಿ

2019ರ ಏಪ್ರಿಲಿನಲ್ಲಿ ಇಂಟರ್‌ಮೀಡಿಯೆಟ್ ಫಲಿತಾಂಶ ಪ್ರಕಟವಾದ ಮೇಲೆ ತೆಲಂಗಾಣದಲ್ಲಿ ಹಲವು ಮಕ್ಕಳು ಪ್ರಾಣ ಕಳೆದುಕೊಂಡರು. ಆ ನೋವನ್ನು ಯಾವ ಪಾಲಕರೂ ಮರೆಯಬಾರದು. ಅನುತ್ತೀರ್ಣನಾದವನಿಗೆ ಅದೇ ಬೇಸಿಗೆಯಲ್ಲಿ ಪೂರಕ ಪರೀಕ್ಷೆಯುಂಟು, ಅಂಕಗಳ ಮರುಎಣಿಕೆಯುಂಟು. ನಿದ್ರೆ ಕೆಟ್ಟು, ಊಟ ಬಿಟ್ಟು, ಮಾತು ನಿಲ್ಲಿಸಿದ ಮಗುವಿಗೆ ಉಪದೇಶಕ್ಕಿಂತ ಸಮೀಪದಲ್ಲಿ ಕುಳಿತು ಕೇಳುವ ಕಿವಿ ಬೇಕು. 14416 ಸಂಖ್ಯೆಗೆ ದೂರವಾಣಿ ಮಾಡಿದರೆ ‘ಟೆಲಿ ಮಾನಸ್’ ಸೇವೆಯಿಂದ ಹಗಲಿರುಳೂ ಉಚಿತ ಸಲಹೆ ದೊರೆಯುತ್ತದೆ.

ಮೇಲೆ ಹೇಳಿದ ನಿಯಮಗಳು ವರ್ಷದಿಂದ ವರ್ಷಕ್ಕೆ ಅಲ್ಪಸ್ವಲ್ಪ ಬದಲಾಗುವುದುಂಟು. ಆದುದರಿಂದ ಆ ವರ್ಷದ ಮಾಹಿತಿ ಪುಸ್ತಿಕೆಯನ್ನು ಪಾಲಕರೂ ಮಕ್ಕಳೂ ಒಟ್ಟಿಗೆ ಕುಳಿತು ಓದಬೇಕು. ಮಗು ಎಂಟನೆಯ ತರಗತಿಯಲ್ಲಿರುವಾಗಲೇ ಈ ವಿಚಾರ ಮಾಡಿದ ಕುಟುಂಬಕ್ಕೆ ಎರಡು ರಾಜ್ಯಗಳ ಬಾಗಿಲುಗಳೂ ತೆರೆದಿರಬಹುದು. ಫಲಿತಾಂಶದ ಮರುದಿನ ಯೋಚಿಸಲು ತೊಡಗಿದವರಿಗೆ ಎರಡೂ ಮುಚ್ಚಿರಬಹುದು. ದಾರಿ ಯಾವುದೇ ಇರಲಿ, ನಡೆಯಬೇಕಾದವನು ಮಗು. ಅವನ ಅಥವಾ ಅವಳ ಒಲವನ್ನು ಕೇಳಿದ ಮೇಲೆಯೇ ಅರ್ಜಿಗೆ ಸಹಿ ಬೀಳಲಿ.