ಕೆಂಪುಕಲ್ಲು ಕಟ್ಟಿದ ನಾಡು

ಘಟ್ಟವನ್ನಿಳಿದು ಮಂಗಳೂರಿನತ್ತ ಸಾಗುವ ಪ್ರವಾಸಿಗನ ಮನಸ್ಸನ್ನು ಮೊದಲು ಸೆಳೆಯುವುದು ಅಲ್ಲಿಯ ಹಸಿರು. ಆದರೆ ಆ ಹಸಿರಿನ ಅಡಿಯಲ್ಲಿ ಇನ್ನೊಂದು ಬಣ್ಣ ಹುದುಗಿದೆ. ರಸ್ತೆಗಾಗಿ ಗುಡ್ಡ ಕಡಿದಲ್ಲಿ, ಹೊಸದಾಗಿ ಬಾವಿ ತೋಡಿದಲ್ಲಿ, ಗಾರೆ ಕಾಣದ ಹಳೆಯ ಗೋಡೆಯಲ್ಲಿ, ಎಲ್ಲೆಡೆಯೂ ಒಂದೇ ಕೆಂಪು. ಅದು ಮುರಕಲ್ಲಿನ ಕೆಂಪು. ಕರಾವಳಿಯ ಮನೆ, ಗದ್ದೆ, ಹಬ್ಬ, ನೀರು, ಇವೆಲ್ಲವನ್ನೂ ರೂಪಿಸಿದುದು ಈ ಕಲ್ಲೆಂದರೆ ಅತಿಶಯೋಕ್ತಿಯಲ್ಲ.

ತುಳುನಾಡಿನವರು ಮುರಕಲ್ಲೆಂದೂ ಉತ್ತರ ಕನ್ನಡದವರು ಚಿರೇಕಲ್ಲೆಂದೂ ಕರೆಯುವ ಈ ಶಿಲೆಗೆ ಗ್ರಂಥಸ್ಥ ಕನ್ನಡದಲ್ಲಿ ಜಂಬಿಟ್ಟಿಗೆಯೆಂದು ಹೆಸರು. ಆ ಹೆಸರಿನಲ್ಲಿ ಇಟ್ಟಿಗೆ ಅಡಗಿರುವುದನ್ನು ವಾಚಕರು ಗಮನಿಸಬೇಕು. ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಈ ಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರನ್ನು ಸೂಚಿಸಿದನು. ಅದರ ಮೂಲವಾದ ಲ್ಯಾಟಿನ್ ಶಬ್ದದ ಅರ್ಥವೂ ಇಟ್ಟಿಗೆಯೇ! ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿಬಿಸಿಲಿಗೆ ಒಡ್ಡಿದೊಡನೆ ಗಟ್ಟಿಯಾಗುತ್ತ ಹೋಗುವ ಇದರ ಗುಣವೇ ಎರಡೂ ಹೆಸರುಗಳಿಗೆ ಕಾರಣ. ಒಲೆಯಿಲ್ಲದೆ ಬೆಂದ ಇಟ್ಟಿಗೆಯಿದು.

ಮಳೆ ಹೆತ್ತ ಕಲ್ಲು

ಕರಾವಳಿಯಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅದರಲ್ಲಿ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಅನಂತರ ದೀರ್ಘವಾದ ಒಣ ಬೇಸಿಗೆ. ಲಕ್ಷಾಂತರ ವರ್ಷಗಳಿಂದ ಹೀಗೆ ನೆನೆದು ಒಣಗಿದ ಹಳೆಯ ಬಂಡೆಯೊಳಗಿನ ಸಿಲಿಕಾಂಶವನ್ನೂ ಕ್ಷಾರಗಳನ್ನೂ ಮಳೆನೀರು ಕರಗಿಸಿ ಒಯ್ದಿತು. ಕರಗದೆ ಉಳಿದುವು ಕಬ್ಬಿಣ ಮತ್ತು ಅಲ್ಯೂಮಿನಿಯಮ್‌ಗಳ ಆಕ್ಸೈಡುಗಳು. ಕಬ್ಬಿಣವೇ ಕಲ್ಲಿಗೆ ಕೆಂಪು ಕೊಟ್ಟಿತು; ಕರಗಿಹೋದುದರ ಜಾಗದಲ್ಲಿ ತೂತುಗಳುಳಿದುವು. ಈ ಕಲ್ಲಿನ ಕೆಳಗೆ ಜನರು ಶೇಡಿಮಣ್ಣೆನ್ನುವ ನುಣುಪಾದ ಜೇಡಿಯ ಪದರ, ಅದರ ಕೆಳಗೆ ಗಟ್ಟಿ ಬಂಡೆ. ಮೂರು ಪದರಗಳ ಈ ಜೋಡಣೆಯಲ್ಲಿಯೇ ನಾಡಿನ ನೀರಿನ ಗುಟ್ಟಿದೆ.

ಮೇಲೆ ಚಪ್ಪಟೆಯಾಗಿಯೂ ಅಂಚುಗಳಲ್ಲಿ ಕಡಿದಾಗಿಯೂ ಇರುವ ಗುಡ್ಡಗಳು ಈ ಕಲ್ಲಿನ ಸೃಷ್ಟಿ. ಅವೇ ಪದವುಗಳು. ಬಜ್ಪೆಯ ವಿಮಾನನಿಲ್ದಾಣಕ್ಕೆ ಗುಡ್ಡದ ನೆತ್ತಿಯೇ ನೆಲೆಯಾಯಿತು. ಮಣಿಪಾಲವೂ ಇಂತಹುದೇ ದಿನ್ನೆಯ ಊರು. ಮಣ್ಣು, ಪಳ್ಳ ಎಂಬೆರಡು ಶಬ್ದಗಳು ಸೇರಿ ಅದರ ಹೆಸರಾಯಿತು. ಪಳ್ಳವೆಂದರೆ ಕೆರೆ. ಪದವಿನ ಮೇಲೆ ಬೇಸಾಯ ಕಷ್ಟ. ಆದುದರಿಂದ ಒಕ್ಕಲುತನ ತಗ್ಗಿಗಿಳಿಯಿತು. ಮೇಲಿನ ಮಳೆಯಾಧಾರದ ಗದ್ದೆ ಬೆಟ್ಟು, ನಡುವಿನದು ಮಜಲು, ನೀರು ನಿಲ್ಲುವ ತಳದ್ದು ಬೈಲು. ಬೆಟ್ಟು ಒಂದು ಬೆಳೆಯನ್ನು ಕೊಟ್ಟರೆ ಮಜಲು ಎರಡನ್ನು ಕೊಡುತ್ತದೆ. ಬೈಲಿನಲ್ಲಿ ಮೂರಕ್ಕೂ ಅವಕಾಶವುಂಟು. ಈ ಶಬ್ದಗಳು ಎಷ್ಟೋ ಊರುಗಳ ಮತ್ತು ಮನೆತನಗಳ ಹೆಸರಿನ ಬಾಲದಲ್ಲಿ ಇಂದಿಗೂ ಉಳಿದಿವೆ.

ಗೋಡೆ, ಮಾಡು, ಹಬ್ಬ

ಗುಡ್ಡ ಗೋಡೆಯನ್ನು ಮಾತ್ರವಲ್ಲ, ಮಾಡನ್ನೂ ಕೊಟ್ಟಿತು. ಪದವಿನ ಮೇಲೆ ಹುಲುಸಾಗಿ ಬೆಳೆಯುವ ಮುಳಿಹುಲ್ಲು ಬಡವರ ಮನೆಗಳಿಗೆ ಹೊದಿಕೆಯಾಗಿದ್ದಿತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ, ನದೀತೀರದ ಆವೆಮಣ್ಣು ಹೆಂಚಾಗಿ ಹುಲ್ಲಿನ ಸ್ಥಾನವನ್ನು ಆಕ್ರಮಿಸಿತು. ಅರಸರಿಗೂ ಮುರಕಲ್ಲೇ ಗತಿ. ಕೆಳದಿಯ ಶಿವಪ್ಪನಾಯಕನು ಕಟ್ಟಿಸಿದನೆನ್ನುವ ಬೇಕಲದ ಕೋಟೆ, ಕುಮಟೆಯ ಬಳಿಯ ಮಿರ್ಜಾನ್ ಕೋಟೆ ಇದೇ ಕಲ್ಲಿನವು. ತೂತುಗಳಿಂದ ತುಂಬಿದ ಈ ಕಲ್ಲಿನಲ್ಲಿ ಸೂಕ್ಷ್ಮ ಕೆತ್ತನೆ ಅಸಾಧ್ಯ. 1432ರಲ್ಲಿ ಕಾರ್ಕಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಶಿಲ್ಪಿಗಳು ಮುರಕಲ್ಲನ್ನು ಬಿಟ್ಟು ಕರಿಬಂಡೆಯನ್ನು ಆರಿಸಿದುದು ಅದಕ್ಕಾಗಿಯೇ.

ನೆಲವನ್ನು ಇಷ್ಟೊಂದು ಕಡಿದು ಬದುಕುವ ಜನ ಅದಕ್ಕೆ ವಿಶ್ರಾಂತಿಯನ್ನೂ ವಿಧಿಸಿದ್ದಾರೆ. ತುಳುವರ ಪೊನ್ನಿ ತಿಂಗಳ ಕೊನೆಗೆ ಬರುವ ಕೆಡ್ಡಸದ ಮೂರು ದಿನ ಭೂಮಿತಾಯಿ ಮುಟ್ಟಾಗಿರುವಳೆಂದು ನಂಬಿಕೆ. ಆಗ ಉಳುವಂತಿಲ್ಲ, ಅಗೆಯುವಂತಿಲ್ಲ. ಹುರಿದ ಅಕ್ಕಿಯ ಹುಡಿಗೆ ಬೆಲ್ಲ, ಕಾಯಿ ಬೆರೆಸಿ ಮನೆಮಂದಿ ತಿನ್ನುವರು.

ಗುಡ್ಡದ ಹೊಟ್ಟೆಯ ನೀರು

ಇಷ್ಟು ಮಳೆ ಬೀಳುವ ನಾಡಿನಲ್ಲಿ ಬೇಸಿಗೆಗೆ ನೀರಿಲ್ಲವೆಂದರೆ ಪರಊರಿನವರು ನಂಬಲಾರರು. ಆದರೆ ಕಲ್ಲು ಜಾಲರಿಯಂತಹುದು; ಕುಡಿದುದನ್ನು ಬೇಗನೆ ಬಿಟ್ಟುಬಿಡುತ್ತದೆ. ಇಂಗಿದ ನೀರು ಶೇಡಿಮಣ್ಣಿನ ಪದರವನ್ನು ಮುಟ್ಟಿ, ಅದನ್ನು ಸುಲಭವಾಗಿ ದಾಟಲಾರದೆ ಪಕ್ಕಕ್ಕೆ ಸರಿದು ಒರತೆಯಾಗುತ್ತದೆ. ಈ ಒರತೆಯನ್ನು ಅರಸಿ ಬಂಟ್ವಾಳ, ಕಾಸರಗೋಡು ಸೀಮೆಯ ಕೃಷಿಕರು ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಕಿರಿದಾದ ಹಾದಿಯೇ ಸುರಂಗ. ಒಬ್ಬ ಮನುಷ್ಯ ನುಸಿಯುವಷ್ಟೇ ಅಗಲ. ಕೈಯಲ್ಲಿ ಪಿಕಾಸಿ, ಪಕ್ಕದಲ್ಲಿ ದೀಪ. ದೀಪ ಆರಿತೆಂದರೆ ಒಳಗೆ ಉಸಿರಿಗೆ ಗಾಳಿಯಿಲ್ಲವೆಂದರ್ಥ. ಒಳಗಿನಿಂದ ಹೊರಕ್ಕೆ ತುಸು ಇಳಿಜಾರಿರುವುದರಿಂದ ನೀರು ತಾನಾಗಿ ಹರಿದುಬಂದು, ಅಡಿಕೆಮರದ ದಂಬೆಯ ಮೂಲಕ ತೋಟವನ್ನು ಸೇರುತ್ತಿತ್ತು. ಪಂಪಿಲ್ಲ, ಎಣ್ಣೆಯ ಖರ್ಚಿಲ್ಲ.

ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಕೂಲಿ ಮಾಡಿಕೊಂಡಿದ್ದವರು. ತಮಗೆ ದೊರೆತ ಒಣಗುಡ್ಡದಲ್ಲಿ ದಿನದ ದುಡಿಮೆ ಮುಗಿಸಿ ಒಬ್ಬರೇ ಸುರಂಗ ತೋಡಿದರು. ಮೊದಲ ಯತ್ನಗಳು ವ್ಯರ್ಥವಾದುವು. ನೆರೆಯವರು ನಕ್ಕರೂ ಅವರು ಬಿಡಲಿಲ್ಲ. ಕೊನೆಗೆ ನೀರು ಬಂದಿತು, ಗುಡ್ಡ ಅಡಿಕೆತೋಟವಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ಕೊಟ್ಟುದನ್ನು ಉಳಿಸಿಕೊಳ್ಳುವುದೆಂತು?

ಆದರೆ ಒಂದು ಗುಡ್ಡದ ಸುರಂಗ ಇಡೀ ಗುಡ್ಡದ ಆರೋಗ್ಯವನ್ನು ನಂಬಿಕೊಂಡಿದೆ. ಹಿಂದೆ ಕೈಯಿಂದ ಕಡಿಯುತ್ತಿದ್ದ ಕಲ್ಲನ್ನು ಈಗ ಯಂತ್ರದ ಗರಗಸ ಕೊಯ್ಯುತ್ತದೆ. ಕಲ್ಲು ಹೋದಲ್ಲಿ ಮಳೆನೀರನ್ನು ಹೀರಿಡುವ ಪದರವೇ ಹೋಯಿತು. ಕೊಳವೆಬಾವಿಗಳು ಮೂರು ಪದರಗಳನ್ನೂ ತೂರಿ ಬಂಡೆಯ ಬಿರುಕಿನ ನೀರನ್ನು ಮೇಲೆತ್ತುತ್ತವೆ. ಬುಡ ಕಡಿದ ಗುಡ್ಡದಲ್ಲಿ ಶೇಡಿಮಣ್ಣು ನೀರು ಕುಡಿದು ಜಾರುತ್ತದೆ.

ಕಾಸರಗೋಡಿನ ಗುಡ್ಡಗಳ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಮಿಕ್ಕಿ, 2000ದವರೆಗೆ, ವಿಮಾನದಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಅದರ ಅಡಿಯ ಹಳ್ಳಿಗಳಲ್ಲಿ ಮಕ್ಕಳು ಅನುಭವಿಸಿದ ಬೇನೆ ದೇಶದ ಮನಸ್ಸನ್ನು ಕಲಕಿತು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ತಡೆಯಿತು. ತೂತುಗಲ್ಲಿನ ನಾಡಿನಲ್ಲಿ ನೆತ್ತಿಯ ಮೇಲೆ ಸುರಿದುದು ಬುಡದವರ ಕೊಡಕ್ಕೆ ಇಳಿಯದಿರುವುದೆಂತು?

ಮದಕಗಳನ್ನು ಹೂಳೆತ್ತಿಸುವುದು, ಗುಡ್ಡದ ನೆತ್ತಿಯಲ್ಲಿ ಇಂಗುಗುಂಡಿ ತೋಡುವುದು, ಮಳೆ ನಿಂತೊಡನೆ ತೊರೆಗಳಿಗೆ ಕಟ್ಟ ಕಟ್ಟುವುದು, ಇವು ಹಳೆಯ ಜನರಿಗೆ ತಿಳಿದಿದ್ದ ಕೆಲಸಗಳೇ. ಕೆಲವು ಹಳ್ಳಿಗಳವರು ಅವನ್ನು ಮತ್ತೆ ಕೈಗೆತ್ತಿಕೊಂಡಿರುವರು. ಮುರಕಲ್ಲು ನೀರನ್ನು ಹಿಡಿದಿಡುವುದು ಅಲ್ಪಕಾಲ ಮಾತ್ರ. ಉಳಿದ ಕಾಲಕ್ಕೆ ಅದನ್ನು ಹಿಡಿದಿಡುವ ಹೊಣೆ ಅದರ ಮೇಲೆ ಮನೆ ಕಟ್ಟಿಕೊಂಡವರದು.